ಎಂಟು ಪೌಂಡು

ಶ್ರೀ ವೀತರಾಗಾಯ ನಮಃ

ಬೆಳ್ತಂಗಡಿ,
ಶುಕ್ರವಾರ, ೧೪-೭-೧೯೬೧

ಚಿ. ಸೌ. ಶಶಿಪ್ರಭಾಳಿಗೆ ಅಮ್ಮನ ಆಶೀರ್ವಾದಗಳು.

ಕಕ್ಕಿಂಜೆಯಿಂದ ನೀನು ಹಾಕಿದ ಕಾಗದ ನಿನ್ನೆ ಸಂಜೆ ಮೂಡುಬಿದಿರೆಗೆ ಬಂತು. ಆರೋಗ್ಯ ಕೇಂದ್ರದ ತೂಕದಲ್ಲಿ ಹೋದ ಮಂಗಳವಾರ ನೂರ ಹದಿನೆಂಟು ಪೌಂಡು ಇದ್ದವಳು ಈ ಮಂಗಳವಾರ ನೂರ ಇಪ್ಪತ್ತಾರಕ್ಕೆ ಏರಿದ್ದೇನೆ, ಸೊಸೆ ಮೈ ತುಂಬಿಕೊಂಡಳೆಂದು ಅತ್ತೆ ಊರಿಡೀ ಹೇಳುತ್ತಿದ್ದಾರೆ ಎಂದು ಬರೆದಿದ್ದೀ. ನಾನೂ ನಗುತ್ತಲೇ ಓದಿದೆ. ಕೊನೆಯಲ್ಲಿ ಎರಡು ಗೆರೆ: ಬಳೆ ಕೈಯಿಂದ ಇಳಿಯುವುದಿಲ್ಲ, ಬೆಳಿಗ್ಗೆ ಎದ್ದರೆ ತಲೆ ಸಿಡಿಯುತ್ತದೆ, ಅತ್ತೆಗೆ ಹೇಳಿಲ್ಲ. ಅಲ್ಲಿಗೆ ನನ್ನ ನಗು ನಿಂತಿತು.

ಬೆಳಗಿನ ಮೊದಲ ಬಸ್ಸಿಗೆ ಇಲ್ಲಿನ ಆಸ್ಪತ್ರೆಗೆ ಬಂದು ಡಾಕ್ಟರಮ್ಮನಿಗೆ ಕಾಗದ ತೋರಿಸಿದೆ. ತಿಂಗಳಿಗೆ ಮೂರೋ ನಾಲ್ಕೋ ಪೌಂಡು ಏರಿದರೆ ಒಳ್ಳೆಯದು. ಒಂದೇ ವಾರದಲ್ಲಿ ಎಂಟು ಏರಿದರೆ ಅದು ಮಗು ಬೆಳೆದದ್ದಲ್ಲ, ಮೈಯಲ್ಲಿ ನಿಂತ ನೀರು ಎಂದರು. ರಕ್ತದೊತ್ತಡ ಯಾರು ನೋಡಿದ್ದಾರೆ ಎಂದು ಕೇಳಿದರು. ಯಾರೂ ಇಲ್ಲ ಎಂದೆ. "ಈಗಲೇ ಕರೆಸಿ. ನಾಳೆಗೆ ಇಡಬೇಡಿ" ಎಂದರು.

ಶಶೀ, ನಿನಗೆ ಒಂದು ಸುಳ್ಳು ಹೇಳಿದ್ದೇನೆ. ನನ್ನ ಅಕ್ಕ ಕಾಂತಿ ಹೋದದ್ದು ಜ್ವರದಿಂದ ಅಲ್ಲ. ಅವಳು ಬಸುರಿ. ಎಂಟನೆಯ ತಿಂಗಳಲ್ಲಿ ಹೀಗೆಯೇ ಒಮ್ಮೆಲೇ ಊದಿಕೊಂಡಳು. ಎಲ್ಲರಿಗೂ ಹಿಗ್ಗು. ನನಗಾಗ ಹದಿನಾರು. ಅವಳ ಕಾಲು ತಿಕ್ಕುವಾಗ ಬೆರಳು ಒತ್ತಿದಲ್ಲೆಲ್ಲ ಗುಳಿ ಉಳಿಯುತ್ತಿತ್ತು. ಕಣ್ಣೆದುರು ಮಿಂಚುಹುಳ ಹಾರಿದ ಹಾಗಾಗುತ್ತದೆ, ಅಮ್ಮನಿಗೆ ಹೇಳಬೇಡ ಮಾರಾಯ್ತಿ, ಸುಮ್ಮನೆ ಹೆದರುತ್ತಾರೆ ಎಂದಳು. ನಾನು ಹೇಳಲಿಲ್ಲ. ಮೂರನೆಯ ದಿನ ಊಟಕ್ಕೆ ಕೂತವಳು ಮೈ ಸೆಟೆದು ಬಿದ್ದಳು. ಭೂತದ ಉಪದ್ರವೆಂದು ಮನೆಯವರು ಮಂತ್ರವಾದಿಯನ್ನು ಕರೆತಂದರು. ಸಂಜೆಗೆ ಅವಳಿಲ್ಲ. ಮೊದಲೇ ಬಾಯಿ ಬಿಟ್ಟಿದ್ದರೆ ಎಂದು ಇಂದಿಗೂ ನನಗೆ ಅನಿಸದ ದಿನವಿಲ್ಲ.

ಈ ಕಾಗದ ತರುವವರು ಬಾಡಿಗೆ ಕಾರಿನ ಅಬ್ದುಲ್ ರಹಿಮಾನ್. ಜೊತೆಗೆ ನರ್ಸ್ ಸ್ವರ್ಣಲತಾ ಇದ್ದಾರೆ. ನಾನೇ ಬಂದರೆ ನಿನ್ನ ಅತ್ತೆಯೊಡನೆ ಮಾತಿಗೆ ಮಾತು ಬೆಳೆದೀತು, ಅದಕ್ಕೆ ಹೊತ್ತಿಲ್ಲ. ಶುಕ್ರವಾರ ಮನೆಯ ಹೆಣ್ಣನ್ನು ಹೊರಗೆ ಕಳಿಸಬಾರದು ಎಂದು ಅವರು ಹೇಳಿದರೆ, ದೋಷವೆಲ್ಲ ನನ್ನ ಅಮ್ಮ ರಾಜಮತಿಯ ತಲೆಗೆ ಎನ್ನು. ಸೀರೆ ಬದಲಿಸಲು ನಿಲ್ಲಬೇಡ. ಹಿಂದಿನ ಸೀಟಿನಲ್ಲಿ ಮಗ್ಗುಲಾಗಿ ಮಲಗಿಕೊಂಡು ಬಾ. ದಾರಿಯಲ್ಲಿ ಕಣ್ಣು ಮಂಜಾದರೆ ನರ್ಸಿಗೆ ಹೇಳು. ಅಡಗಿಸಬೇಡ.

ಆಸ್ಪತ್ರೆಯ ಜಗಲಿಯಲ್ಲೇ ಇರುತ್ತೇನೆ.

ನಿನ್ನ ಅಮ್ಮ,
ರಾಜಮತಿ

ತಾ.ಕ.: ಹುಡುಗಿಯ ತಾಯಿಗೂ ಹೀಗಾಗಿತ್ತೇ ಎಂದು ಡಾಕ್ಟರಮ್ಮ ಕೇಳಿದರು. ನಿನ್ನನ್ನೂ ಕೇಳುತ್ತಾರೆ. ಇಲ್ಲ ಎನ್ನಬೇಡ. ಉಸಿರು ನಿಲ್ಲುವ ಮೊದಲು ಕಾಂತಿ ಒಂದು ಹೆಣ್ಣು ಮಗುವನ್ನು ಹೆತ್ತಳು. ಆ ಮಗು ನೀನು. ನಾನು ಸಾಕಿದವಳು. ಜಗಳ ಮಾಡುವುದಿದ್ದರೆ ಇಲ್ಲಿ ಮಾಡು ಮಗಾ, ಮೊದಲು ಬಾ.