ನಿನ್ನ ಬೆರಳು ತಾಗಿದ ಎತ್ತರ

ಮಗಳೇ ಸುಮಿತಾ,

ಇಂದು ಮುಂಜಾನೆ ನಿನ್ನ ವಾಲಿಬಾಲ್ ತಂಡದ ಶಬಾನಾ, ಅಂಬೇವಾಡಿಯಲ್ಲಿರುವ ನಮ್ಮ ಮನೆಗೆ ಬಂದು, ನೀನು ಜಿಗಿತದ ಅಭ್ಯಾಸಕ್ಕೆ ಬಳಸುತ್ತಿದ್ದ ಮರದ ಪೆಟ್ಟಿಗೆಯನ್ನು ಕೇಳಿದಳು. ಮೇಲೇರಬೇಕಾದವಳು ಪೆಟ್ಟಿಗೆಯಿಂದ ಕೆಳಕ್ಕೆ ಧುಮುಕುವುದು ಯಾವ ತರ್ಕವೆಂದು ಒಮ್ಮೆ ನಿನ್ನನ್ನು ಕೇಳಿದ್ದೆ. ನನ್ನ ಕಾಲೇಜು ದಿನಗಳ ಚರ್ಚಾಸ್ಪರ್ಧೆಗಳಲ್ಲಿ ಗೆದ್ದಂತೆ ಅಂದೂ ನಾನೇ ಗೆದ್ದೆ. ನೀನು ಪೆಟ್ಟಿಗೆ ಎತ್ತಿಕೊಂಡು ಹಿಂದಿನ ಪಡಸಾಲೆಗೆ ಹೋದೆ. ಅದೇ ಪ್ರಶ್ನೆಯನ್ನು ಇಂದು ಅವಳಿಗೆ ಹಾಕಿದೆ.

"ಹೇಳಾಕ ಬರಂಗಿಲ್ಲರಿ ಕಾಕಾ, ನೋಡ್ರಿ," ಎಂದವಳು ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ಪೆಟ್ಟಿಗೆಯಿಂದ ಧುಮುಕಿದಳು. ಪಾದ ನೆಲಕ್ಕೆ ತಾಗಿದ್ದೇ ತಡ, ನೆಲವೇ ಎತ್ತಿ ಎಸೆದಂತೆ ಮೇಲೇರಿ ಪಡಸಾಲೆಯ ಗೋಡೆ ಮುಟ್ಟಿ ಗುರುತು ಹಾಕಿದಳು.

"ಸುಮಿ ಗುರ್ತು ಇನ್ನೂ ಒಂದು ಗೇಣು ಮ್ಯಾಲ ಐತ್ರಿ. ನೆಲದ ಮ್ಯಾಲ ತಡಾ ಮಾಡಬ್ಯಾಡ ಅಂತ ನನಗ ಬೈತಿದ್ಲು."

ನೀನು ತೀರಿಕೊಂಡ ಮೇಲೆ ಆ ಗೋಡೆಗೆ ಬಣ್ಣ ಬಳಿಸಿಲ್ಲ. ಆದರೂ ನಿನ್ನ ಗುರುತನ್ನು ತಲೆಯೆತ್ತಿ ಸರಿಯಾಗಿ ನೋಡಿದ್ದು ಇಂದೇ. ಪೆಟ್ಟಿಗೆ ಕೊಡಲಿಲ್ಲ, ದಿನವೂ ಇಲ್ಲಿಗೇ ಬಂದು ಅಭ್ಯಾಸ ಮಾಡೆಂದೆ.

ಅವಳು ಹೊರಟ ಮೇಲೆ ನಾನು ಪೆಟ್ಟಿಗೆ ಹತ್ತಿ, ತುದಿಗಾಲಲ್ಲಿ ನಿಂತು ಕೈ ಚಾಚಿದೆ. ನೀನು ನೆಲದಿಂದ ಚಿಮ್ಮಿ ಮುಟ್ಟಿದ ಜಾಗ ನನಗೆ ಎಟುಕಲಿಲ್ಲ.