ಹಿತ್ತಲಿಗೆ ಹಲಗೆಯೋ, ಕಲ್ಲೋ

ಚಿತ್ತವಾಡ್ಗಿ, ಹೊಸಪೇಟೆ
೧೪ ಮಾರ್ಚ್ ೨೦೨೪

ಪಲ್ಲವಿಯ ಅಪ್ಪನಿಗೆ ಸುಮಂಗಲಾಳ ನಮಸ್ಕಾರಗಳು.

ಹೇಗಿದ್ದೀರಿ? ಒಡಿಶಾದ ಗಣಿ ಧೂಳಿಗೆ ಕೆಮ್ಮು ಜೋರಾಗಿದೆಯೆಂದು ನೀವು ಮುಚ್ಚಿಟ್ಟರೂ ಫೋನಿನಲ್ಲಿ ಕೇಳುತ್ತದೆ. ಬಿಸಿನೀರು ಕುಡಿಯಿರಿ, ಇದನ್ನಾದರೂ ನನ್ನ ಮಾತಿನಂತೆ ಮಾಡಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಸ್ಕೂಟಿಯಿಂದ ಬಿದ್ದಾಗಿನಿಂದ ಪಲ್ಲವಿಯ ಮಂಚ ಪಡಸಾಲೆಯಲ್ಲೇ ಇದೆ. ಯಾವ ಮೂಲೆಯಲ್ಲಿ ನಿಂತು ಪಿಸುಗುಟ್ಟಿದರೂ ಅವಳಿಗೆ ಕೇಳುತ್ತದೆ. ಅದಕ್ಕೇ ಕಾಗದ.

ಪಲ್ಲವಿ ಗಾಲಿಕುರ್ಚಿಯಲ್ಲಿ ಹಿತ್ತಲಿಗೆ ಬಂದು ಕೂರಲೆಂದು ನೀವು ಕಳಿಸಿದ ಡೆಕ್ಕಿನ, ಅದೇ ಆ ಹಲಗೆ ಜಗಲಿಯ, ಫೋಟೋವನ್ನು ಬಡಗಿ ಗಾದಿಲಿಂಗನಿಗೆ ತೋರಿಸಿದೆ. ನಿಮ್ಮ ಸಾಹೇಬರ ಬಂಗಲೆಯ ಹಿಂದೆ ಅದು ಚಂದವೇ. ನಮ್ಮ ಹಿತ್ತಲಿನ ಗೆದ್ದಲು ಬಾಗಿಲ ಚೌಕಟ್ಟನ್ನೇ ಬಿಟ್ಟಿಲ್ಲ, ನಿಮ್ಮ ಹಲಗೆಯನ್ನು ಬಿಡುತ್ತದೆಯೇ? ಸಾಗವಾನಿ ನಮಗೆ ಎಟುಕುವಂಥದ್ದಲ್ಲ. ಬೇವಿನ ಹಲಗೆ ಬಿರುಕು ಬಿಡುತ್ತದಂತೆ. ಕಬ್ಬಿಣದ ತಗಡು ಹಾಕಿದರೆ ಈ ಬಿಸಿಲಿಗೆ ರೊಟ್ಟಿ ಹಂಚು. ಪ್ಲಾಸ್ಟಿಕ್ ಬೆರೆಸಿದ ಹಲಗೆಯ ತುಂಡೊಂದನ್ನು ಅಂಗಡಿಯಿಂದ ತಂದು ಬಿಸಿಲಿಗಿಟ್ಟೆ, ಮಧ್ಯಾಹ್ನದ ಹೊತ್ತಿಗೆ ಬಾಗಿ ಕೂತಿತ್ತು. ಉಳಿದದ್ದು ಕಡಪ ಕಲ್ಲು. ಮೇಲೊಂದು ಚಪ್ಪರ ಹಾಕಿದರೆ ಸುಡುವುದಿಲ್ಲ, ತಲೆಮಾರು ಬಾಳುತ್ತದೆ ಎನ್ನುತ್ತಾನೆ ಗಾದಿಲಿಂಗ. ನೀವೋ ಪ್ರತಿ ಸಲ ಒಂದೇ ಹಾಡು: “ಹಲಗಿನೇ ಹಾಕ್ಸು, ಆಕಿ ನಡದಾಡಿದ ಮ್ಯಾಲೆ ಬಿಚ್ಚಿ ಒಗದರಾತು.” ನನಗೂ ಅದೇ ಆಸೆಯಿತ್ತು. ತಲೆಮಾರು ಬಾಳುವ ಕಲ್ಲು ಯಾರಿಗೆ ಬೇಕಾಗಿದೆ?

ಇನ್ನೊಂದು ತೊಡಕು ಹಿತ್ತಲ ಬಾಗಿಲ ಹೊಸ್ತಿಲು. ನಾಲ್ಕು ಬೆರಳು ಎತ್ತರವಿದೆ, ಗಾಲಿಕುರ್ಚಿ ದಾಟುವುದಿಲ್ಲ. ಅದನ್ನು ತೆಗೆಸದೆ ಹೊರಗೆ ಏನು ಕಟ್ಟಿಸಿದರೂ ದಂಡ. ಹಿತ್ತಲ ಬಾಗಿಲೆಂದು ಅತ್ತೆ ಒಂದು ಶುಕ್ರವಾರವೂ ಅರಿಶಿನ ಕುಂಕುಮ ತಪ್ಪಿಸಿದವರಲ್ಲ. ಅವರೆದುರು ಬಾಯಿ ತೆರೆಯಲು ನನಗೆ ಧೈರ್ಯವಾಗಲಿಲ್ಲ. ಇಳಿಜಾರಾಗಿ ಹಲಗೆ ಇಟ್ಟು ತಳ್ಳಿ ನೋಡಿದೆ, ಗಾಲಿ ನಟ್ಟನಡುವೆ ಸಿಕ್ಕಿಕೊಂಡಿತು. “ಹೊಸ್ತಿಲ ಮ್ಯಾಲೆ ಕುಂದರಬ್ಯಾಡ ಅಂತ ಬೈತಿದ್ದಿ, ಈಗ ನೋಡಬೇ ಅಜ್ಜಿ” ಎಂದು ಪಲ್ಲವಿ ನಕ್ಕಳು. ಅತ್ತೆ ನಗಲಿಲ್ಲ. ನಾನು ಅಡುಗೆಮನೆಗೆ ಹೋಗಿ ಕಣ್ಣೀರು ಹಾಕಿದೆ. ನನಗೆ ಸಾಕಾಗಿದೆ, ಕಣ್ಣೆದುರು ಯಾವ ದಾರಿಯೂ ಕಾಣುತ್ತಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣಿ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ. ಜಂಬುನಾಥ ನಿಮ್ಮನ್ನು ಕಾಯಲಿ.

ನಿಮ್ಮ
ಸುಮಂಗಲಾ

ನಿನ್ನೆ ಮೇಲಿನ ಕಾಗದದಲ್ಲಿ ಇದನ್ನು ಬರೆಯಲು ಕೈ ಬರಲಿಲ್ಲ, ಇಂದು ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಹೋದ ವಾರ ಡಾಕ್ಟರು, ಅವಳು ಇನ್ನು ನಡೆಯುವುದಿಲ್ಲ ಎಂದುಬಿಟ್ಟರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೆ ದಿನಾ ಆ ಕಾಲು ತಿಕ್ಕುವವರು ಅತ್ತೆ, ಅವರಿಗೆ ತಿಳಿಯದೆ ಇರುತ್ತದೆಯೇ? ಇಂದು ಬೆಳಿಗ್ಗೆ ತಾವೇ ಗಾದಿಲಿಂಗನನ್ನು ಕರೆಸಿದರು. ಹೊಸ್ತಿಲಿಗೆ ಅರಿಶಿನ ಹಚ್ಚಿ, ಕೈಮುಗಿದು, “ಕೊಯ್ದು ತಗೀಪಾ, ಹೊರಗ ಕಲ್ಲೇ ಹಾಕ್ಸು” ಎಂದರು. ಗರಗಸದ ಸದ್ದು ನಿಲ್ಲುವವರೆಗೂ ಪಲ್ಲವಿ ಮುಖದ ಮೇಲಿನ ಹೊದಿಕೆ ತೆಗೆಯಲಿಲ್ಲ, ಯಾಕೆಂದು ನನ್ನನ್ನು ಕೇಳಲೂ ಇಲ್ಲ. ಇನ್ನು ಮುಂದೆ ಫೋನ್ ಮಾಡಿದಾಗ, ಇವತ್ತು ಕಾಲು ಆಡಿತೇನು ಎಂದು ಅವಳನ್ನು ಕೇಳಬೇಡಿ.