ಯಾರ ಕಡೆಗೆ ಗೆರೆ ಎಳೆಯಲಿ

ಅಕ್ಕಾ,

ನೀನು ತೀರಿಕೊಂಡು ವರ್ಷವಾಯಿತು. ಹಳೇ ಇಂಗ್ಲಿಷಿನ ಕಾಗದ ಬಂದಾಗಲೆಲ್ಲ ನೀನು ಪ್ರತಿ ‘ಅವನು’ ಎಂಬಲ್ಲಿಂದ ಆ ಮನುಷ್ಯನ ಹೆಸರಿನವರೆಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಆಮೇಲಷ್ಟೇ ನನ್ನ ಕೈಗೆ ಪೆನ್ನು ಕೊಡುತ್ತಿದ್ದೆ. “ಜೇಡರಬಲೆ ನೇಯ್ತಿದೀಯೇನೇ?” ಎಂದು ನಾನು ನಗುತ್ತಿದ್ದೆ.

ಇಂದು ವಕೀಲರು ಅಂಗಡಿಯ ಬಾಡಿಗೆ ಕರಾರನ್ನು ಹೊಸದು ಮಾಡಿಸಿದರು. ಒಕ್ಕಣೆ ಮಾತ್ರ ಮಾಲೀಕನ ತಾತನ ಕಾಲದ ಇಂಗ್ಲಿಷೇ. ಒಂದು ಪುಟಕ್ಕೆ ಒಂದೇ ವಾಕ್ಯ. ಮಾಲೀಕನ ಹೆಸರು, ನನ್ನ ಹೆಸರು ಎರಡೂ ಬಂದ ಮೇಲೆ, ‘ಅವನು’ ಸತ್ತರೆ ಅಂಗಡಿ ಖಾಲಿ ಮಾಡತಕ್ಕದ್ದು ಎಂದಿತ್ತು. ನಾನೂ ಗೆರೆ ಎಳೆದು ನೋಡಿದೆ. ಒಮ್ಮೆ ಮಾಲೀಕನ ಹತ್ತಿರ ಹೋಯಿತು, ಒಮ್ಮೆ ನನ್ನ ಹತ್ತಿರವೇ ಬಂತು. ಮಾಲೀಕನಾದರೆ, ಅವನಿಗೆ ಈಗಲೇ ಎಂಬತ್ತೆರಡು. ನಾನಾದರೆ ಹೆಂಡತಿ ಬೀದಿಪಾಲು.

“ಈ ‘ಅವನು’ ಯಾರು ಸ್ವಾಮಿ?” ಎಂದು ವಕೀಲರನ್ನು ಕೇಳಿದೆ.

“ನಿಮಗೆ ಬಾರದ ಇಂಗ್ಲಿಷಾ ಯಜಮಾನ್ರೇ! ತಮಾಷೆ ಸಾಕು, ಸಹಿ ಹಾಕಿ.”

ಇಪ್ಪತ್ತು ವರ್ಷ ನಿನ್ನ ಓದನ್ನು ನನ್ನದೆಂದು ಊರವರ ಮುಂದೆ ಕೊಚ್ಚಿಕೊಂಡಿದ್ದೆನಲ್ಲ, ಈಗ ಗೊತ್ತಿಲ್ಲ ಎನ್ನುವುದು ಹೇಗೆ? ನಕ್ಕು ಸಹಿ ಹಾಕಿದೆ.

ಅಂಗಡಿಯಲ್ಲಿ ನನ್ನವಳು ಕೇಳಿದಳು, “ಸರಿಯಾಗಿ ಓದಿದ್ರಾ?”

“ಅಕ್ಕ ಓದ್ತಿದ್ದ ಹಾಗೇ ಓದ್ದೆ.”

“ಹಾಗಾದ್ರೆ ಭಯ ಇಲ್ಲ ಬಿಡಿ,” ಎಂದವಳು, ಹೊಸ ಬೀರು ಇಡಿಸಲು ಗೋಡೆ ಅಳೆಯತೊಡಗಿದಳು.